ಚನ್ನಪಟ್ಟಣದ ಕಡಸಲು ಕಲೆಯೂ ಪರದೇಶದ ಕುಶಲಿಗಳೂ

ಮೈಸೂರಿನ ರಾಜೀವನಗರದಿಂದ ಬೆಂಗಳೂರಿನ ಹಳೆಯ ದಾರಿಯನ್ನು ಹಿಡಿದು ಹೊರಟವರಿಗೆ ಮದ್ದೂರನ್ನು ದಾಟಿ ಚನ್ನಪಟ್ಟಣವನ್ನು ಸಮೀಪಿಸುತ್ತಲೇ ಕೆಂಪು ಹಳದಿಯ ಮರದ ಗೊಂಬೆಗಳ ಅಂಗಡಿಗಳು ಕಣ್ಣಿಗೆ ಬೀಳುವುವು. ಈ ಕಲೆಯ ಮೂಲವೇನೆಂದು ಕೇಳಿದರೆ ದೊರೆಯುವ ಉತ್ತರವು ಸಾಮಾನ್ಯವಾಗಿ ಒಂದೇ: 1782ರಿಂದ 1799ರವರೆಗೆ ಆಳಿದ ಟಿಪ್ಪೂ ಸುಲ್ತಾನನು ಪರ್ಷಿಯಾ ದೇಶದಿಂದ ಕುಶಲಿಗಳನ್ನು ಕರೆಸಿ ಇಲ್ಲಿಯವರಿಗೆ ಈ ವಿದ್ಯೆಯನ್ನು ಕಲಿಸಿದನೆಂಬುದು. ಪ್ರತೀತಿಯೇನೋ ರಮ್ಯವಾಗಿಯೇ ಇದೆ. ಆದರೆ ಅದರಲ್ಲಿ ದೊರೆಯ ಹೆಸರುಂಟು, ಊರುಬಿಟ್ಟು ಬಂದ ಕೆಲಸಗಾರನ ಹೆಸರಿಲ್ಲ.

ಕಡೆಯುವ ವಿದ್ಯೆಯೇ ಹೊರಗಿನಿಂದ ಬಂದಿತೆಂದು ಹೇಳುವುದಾದರೆ ನಾವು ಒಪ್ಪಲಾರೆವು. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಂಬಗಳನ್ನು ನೋಡಿದವರಿಗೆ, ಬಳಪದ ಕಲ್ಲನ್ನು ತಿರುಗಿಸಿ ಕಡೆದು ನಯಗೊಳಿಸುವುದು ಈ ನಾಡಿನಲ್ಲಿ ಎಷ್ಟು ಹಿಂದಿನಿಂದಲೂ ಬಳಕೆಯಲ್ಲಿತ್ತೆಂಬುದು ತಿಳಿದೇ ಇರುವುದು. ಕಡೆದ ಮರಕ್ಕೆ ಅರಗಿನ ಬಣ್ಣವನ್ನು ಕೂಡಿಸುವ ಪದ್ಧತಿಯೂ ಚನ್ನಪಟ್ಟಣಕ್ಕೆ ಮಾತ್ರ ಸೇರಿದುದಲ್ಲ. ಆಂಧ್ರದ ಏಟಿಕೊಪ್ಪಾಕದಲ್ಲಿಯೂ ಗುಜರಾತಿನ ಸಂಖೇಡದಲ್ಲಿಯೂ ಅದು ಉಂಟು. ಹಾಗಾದರೆ ಬಂದವರು ತಂದುದೇನು? ಕೈಯ ಪಳಗಿಕೆಯನ್ನೂ ಹೊಸ ಆಕಾರಗಳನ್ನೂ ತಂದಿರಬಹುದೆಂಬುದು ನಮ್ಮ ಊಹೆ. ಮರವು ಮಾತ್ರ ಇಲ್ಲಿಯದೇ.

ಆ ಮರವೇ ಹಾಲೆ. ದಂತದಂತೆ ಬಿಳುಪು, ಮೃದುವಾದರೂ ಎಳೆಗಳು ಒತ್ತಾಗಿರುವುವು. ಅದನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡುಮಾಡಿ, ಕಡಸಲಿಗೆ ಏರಿಸುವರು. ವಿದ್ಯುತ್ತು ಬರುವುದಕ್ಕೆ ಮೊದಲು ಬಿಲ್ಲಿನ ಹಗ್ಗವನ್ನು ಸುತ್ತಿ ಒಂದು ಕೈಯಿಂದ ಎಳೆಯುತ್ತ, ಇನ್ನೊಂದು ಕೈಯಿಂದ ಉಳಿಯನ್ನು ಹಿಡಿಯಬೇಕಾಗಿತ್ತು. ಕಾಲೂ ಆಸರೆಗೆ ಬರುತ್ತಿತ್ತು. ಆಕಾರವು ಮೂಡಿದ ಮೇಲೆ, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುವರು. ಉಜ್ಜಿದ ಬಿಸಿಗೇ ಅರಗು ಕರಗಿ ಅಂಟಬೇಕು, ಬೇರೆ ಬೆಂಕಿಯಿಲ್ಲ. ಬಳಿಕ ಕೇದಗೆಯ ಗರಿಯನ್ನು ಹಿಡಿದು ಒತ್ತಿದರೆ ಬಣ್ಣವು ಸಮನಾಗಿ ಹರಡಿ ಹೊಳಪೇರುವುದು. ಹಿಂದೆ ಹಳದಿಗೆ ಅರಿಸಿನ, ನೀಲಿಗೆ ನೀಲಿಯ ಪುಡಿ, ಕಂದಿಗೆ ಕಾಚು.

ಕಡಸಲು ಕೊಡುವುದು ದುಂಡನ್ನು ಮಾತ್ರ. ಆನೆಯಾಗಲಿ, ಸಿಪಾಯಿಯಾಗಲಿ, ಗುಂಡು, ಕೊಳವೆ, ಬಟ್ಟಲುಗಳಿಂದಲೇ ಕೂಡಿಬರಬೇಕು. ಏನನ್ನು ಬಿಡಬೇಕೆಂಬುದನ್ನು ತಿಳಿದಾಗಲೇ ಬರಿಯ ಕಡೆಯುವವನು ಕಲಾವಿದನಾದನೆಂದು ನಮಗೆ ತೋರುವುದು. ಮೂಗಿಲ್ಲದ ಮುಖದಲ್ಲಿಯೂ ನಗುವನ್ನು ಕಾಣುವ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲವಷ್ಟೆ!

ಈ ಚರಿತ್ರೆಯಲ್ಲಿ ಉಳಿದುಬಂದ ಕುಶಲಿಯ ಹೆಸರೆಂದರೆ ಬಾವಾಸ್ ಮಿಯಾನರದು. ಜಪಾನೀಯರ ವಿಧಾನಗಳನ್ನು ಅಳವಡಿಸಿಕೊಂಡು ಊರಿನ ಕೆಲಸಗಾರರಿಗೆ ಕಲಿಸಿಕೊಟ್ಟ ಅವರನ್ನು ಚನ್ನಪಟ್ಟಣದ ಗೊಂಬೆಗಳ ಪಿತಾಮಹನೆಂದು ಕರೆಯುವರು. ಪರದೇಶದವರು ಬಂದು ಕಲಿಸಿದರೆಂಬ ಊರಿಗೆ, ಅಲ್ಲಿಯವನೇ ಒಬ್ಬನು ಪರದೇಶದ ವಿದ್ಯೆಯನ್ನು ತಂದು ಹಂಚಿದನು. ಮುಂದೆ ಅಗ್ಗದ ಪ್ಲಾಸ್ಟಿಕ್ಕಿನ ಆಟಿಕೆಗಳು ಚೀನಾದಿಂದ ಬಂದು ಅನೇಕ ಕಡಸಲುಗಳನ್ನು ನಿಲ್ಲಿಸಿದುವು. 2005-06ರ ಸಾಲಿನಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಗುರುತು ದೊರೆಯಿತು. ಆ ಗುರುತಿನಲ್ಲಿರುವುದು ಊರಿನ ಹೆಸರು. ಕಡೆದವನ ಹೆಸರನ್ನು ಈಗಲೂ ಅಂಗಡಿಯಲ್ಲಿ ಕೇಳಿಯೇ ತಿಳಿಯಬೇಕು.