ಬೀಗದ ಕೈ

ಹೋದ ಬೇಸಿಗೆಯಲ್ಲಿ ಮೊಮ್ಮಗಳಿಗೆ ಹೊಸ ಸೈಕಲ್ಲು ಬಂತು. ಜೊತೆಗೊಂದು ಬೀಗ. ಕೈಯೇ ಇಲ್ಲದ, ನಾಲ್ಕು ಅಂಕಿ ತಿರುಗಿಸಿ ತೆಗೆಯುವ ಬೀಗ. “ಅಜ್ಜಿ, ಇದಕ್ಕೆ ಬೀಗದ ಕೈ ಕಳೆಯುವ ತಾಪತ್ರಯವೇ ಇಲ್ಲ ನೋಡು” ಎಂದು ಹಿಗ್ಗಿನಿಂದ ತೋರಿಸಿದಳು. ನಾನೂ ನಕ್ಕೆ. ನಕ್ಕು ಅಡಿಗೆಮನೆಗೆ ಹೋದವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. 1974ರ ಒಂದು ಬೀಗದ ಕೈ ಕಣ್ಣೆದುರು ಬಂದು ನಿಂತಿತ್ತು.

ನಮ್ಮ ಕಾಲದಲ್ಲಿ ಸೈಕಲ್ಲು ಆಟದ ಸಾಮಾನಾಗಿರಲಿಲ್ಲ, ಆಸ್ತಿಯಾಗಿತ್ತು. ವರೋಪಚಾರದಲ್ಲಿ ವಾಚು, ಸೈಕಲ್ಲು ಕೇಳುತ್ತಿದ್ದ ಕಾಲ. ಎರಡು ಹೆಚ್ಚುಕಡಿಮೆ ಸಮನಾದ ಚಕ್ರಗಳ, ಸರಪಳಿಯಿಂದ ಓಡುವ ಈಗಿನ ಬಗೆಯ ಸೈಕಲ್ಲನ್ನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ್ದು 1885ರಲ್ಲಿ. ಮೂರು ವರ್ಷದ ಮೇಲೆ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ. ಆಮೇಲೆ ಹೆಂಗಸರೂ ಧೈರ್ಯವಾಗಿ ಹತ್ತಿದರು. ಅಮೆರಿಕದಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದ ಸೂಸನ್ ಬಿ. ಆಂಥನಿ, ಹೆಣ್ಣಿನ ಬಿಡುಗಡೆಗೆ ಸೈಕಲ್ಲು ಮಾಡಿದಷ್ಟನ್ನು ಬೇರೆ ಯಾವುದೂ ಮಾಡಿಲ್ಲ ಎಂದು 1896ರಲ್ಲಿಯೇ ಹೇಳಿದ್ದರಂತೆ. ನಮ್ಮಲ್ಲಿ ಬಹುಕಾಲ ವಿಲಾಯತಿ ಸೈಕಲ್ಲುಗಳದ್ದೇ ದರ್ಬಾರು. ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ ಬಂದು ಗುಮಾಸ್ತೆಯ ಮನೆಗೂ ಸೈಕಲ್ಲು ಎಟುಕುವಂತಾಯಿತು.

ಶಿವಮೊಗ್ಗದಲ್ಲಿ ನನ್ನ ತಂದೆಯೂ ಅಂಥ ಗುಮಾಸ್ತೆಯೇ. ಕಾಲೇಜು ದೂರವೆಂದು ಆಫೀಸಿನ ಸೊಸೈಟಿಯಲ್ಲಿ ಸಾಲ ಮಾಡಿ ನನಗೆ ಲೇಡೀಸ್ ಸೈಕಲ್ಲು ಕೊಡಿಸಿದರು. ನಡುವೆ ಅಡ್ಡಕಂಬಿ ಇಲ್ಲದ್ದು, ಲಂಗ ಸಿಕ್ಕಿಕೊಳ್ಳದ ಹಾಗೆ ಹಿಂದಿನ ಚಕ್ರಕ್ಕೆ ಬಲೆ ಕಟ್ಟಿದ್ದು. ನಮ್ಮ ಬೀದಿಯಲ್ಲಿ ಸೈಕಲ್ಲು ಹತ್ತಿದ ಮೊದಲ ಹುಡುಗಿ ನಾನು. “ಹೆಣ್ಣುಮಗಳಿಗೆ ಇದೆಲ್ಲ ಬೇಕಿತ್ತೇ?” ಎಂದವರಿಗೆ ಅಪ್ಪ ಉತ್ತರ ಕೊಡದೆ ಕೊಡೆ ಬಿಚ್ಚಿಕೊಂಡು ಆಫೀಸಿಗೆ ನಡೆದೇ ಹೋಗುತ್ತಿದ್ದರು.

ಬೀದಿಯ ಕೊನೆಗೆ ಸಾಹೇಬರ ಸೈಕಲ್ ಶಾಪು. ಗಾಳಿ ಹೊಡೆಸಲು ಹೋದಾಗಲೆಲ್ಲ ಅವರು ಚಕ್ರದ ಓರೆ ತೆಗೆಯುತ್ತಲೇ ಕಳ್ಳರ ಪುರಾಣ ಬಿಚ್ಚುತ್ತಿದ್ದರು. “ಅಮ್ಮಾ, ಹಿಂದಿನ ಚಕ್ರದ ಬೀಗ ನಂಬಬೇಡಿ. ಒಂದೇ ಕೈಗೆ ಹತ್ತು ಬೀಗ ತೆಗೆಯುತ್ತೆ. ಅದೂ ಬೇಡ, ಹಿಂದಿನ ಚಕ್ರ ಎತ್ತಿಕೊಂಡು ಹಾಡುಹಗಲೇ ನಡೆದುಹೋದರೆ ಯಾರು ಕೇಳ್ತಾರೆ? ಪಾಪ, ಬೀಗದ ಕೈ ಕಳೆದುಕೊಂಡವನು ಅಂತ ದಾರಿ ಬಿಡ್ತಾರೆ!” ಇನ್ನೊಬ್ಬ ಚಾಲಾಕಿ ನಿಮ್ಮ ಸೈಕಲ್ಲಿಗೆ ತನ್ನದೂ ಒಂದು ಬೀಗ ಜಡಿದು ಹೋಗುತ್ತಾನಂತೆ. ನೀವು ಬೇಸತ್ತು ಅಲ್ಲೇ ಬಿಟ್ಟು ಮನೆಗೆ ಹೋದರೆ ರಾತ್ರಿ ಬಂದು ನಿಧಾನವಾಗಿ ಒಯ್ಯುತ್ತಾನೆ. ಬೇಕೆಂದೇ ಪಂಕ್ಚರ್ ಮಾಡುವವನ ಲೆಕ್ಕಾಚಾರವೂ ಅದೇ. ತನ್ನ ಹಳೆಯದನ್ನು ನಿಲ್ಲಿಸಿ ನಿಮ್ಮ ಹೊಸದನ್ನು ಹತ್ತುವವನೊಬ್ಬ. ಜಾಗ ಖಾಲಿ ಕಾಣುವುದಿಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಕೊಳ್ಳುವವನಂತೆ ಬಂದು “ಒಂದು ಸುತ್ತು ನೋಡಿ ಬರ್ತೀನಿ” ಎಂದು ಹೊರಟು ಹಿಂತಿರುಗದವನೊಬ್ಬ. ಪಕ್ಕದಲ್ಲಿ ಟ್ಯೂಬಿಗೆ ಪಟ್ಟಿ ಅಂಟಿಸುತ್ತಿದ್ದ ಹದಿನಾಲ್ಕು ವರ್ಷದ ಹುಡುಗ ಕಿಸಕ್ಕನೆ ನಗುತ್ತಿದ್ದ. ನನ್ನ ಸೈಕಲ್ಲಿಗೆ ಬೀಗ ಕೂರಿಸಿ, ಎರಡು ಕೈಗಳನ್ನೂ ಒರೆಸಿ ನನ್ನ ಅಂಗೈಯಲ್ಲಿಟ್ಟವನು ಅವನೇ. ಒಂದನ್ನು ದಾರಕ್ಕೆ ಕಟ್ಟಿಕೊಂಡೆ. ಇನ್ನೊಂದನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟೆ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ. ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲ. ಅಮ್ಮ ಸೇವಂತಿಗೆ ತರಲು ಹೇಳಿದ್ದಳು. ಎರಡೇ ನಿಮಿಷದ ಕೆಲಸವೆಂದು ಬೀಗದಲ್ಲೇ ಕೈ ಬಿಟ್ಟು, ಸೈಕಲ್ಲನ್ನು ಗೋಡೆಗೆ ಒರಗಿಸಿ ಹೂವಿನವಳ ಹತ್ತಿರ ಹೋದೆ. ಒಂದು ಮೊಳಕ್ಕೆ ಚೌಕಾಸಿ ಮಾಡಿ ತಿರುಗಿದೆ. ಗೋಡೆ ಇತ್ತು, ಸೈಕಲ್ಲಿರಲಿಲ್ಲ.

ಅಳುತ್ತಾ ಮನೆಗೆ ಓಡಿದೆ. ಅಪ್ಪ ಇನ್ನೂ ಬಂದಿರಲಿಲ್ಲ. ಏನು ಮಾಡಿದೆನೆಂದು ಈಗ ಹೇಳುತ್ತೇನೆ. ಕಂಪಾಸ್ ಪೆಟ್ಟಿಗೆಯಿಂದ ಇನ್ನೊಂದು ಕೈ ತೆಗೆದು ಮುಷ್ಟಿಯಲ್ಲಿಟ್ಟುಕೊಂಡೆ. “ಬೀಗ ಹಾಕಿದ್ದೆಯಾ?” ಎಂದರು ಅಪ್ಪ. ಮುಷ್ಟಿ ಬಿಚ್ಚಿ ತೋರಿಸಿದೆ. “ಎರಡನೆಯ ಕೈ?” “ಶಾಪಿನಲ್ಲಿ ಒಂದೇ ಕೊಟ್ಟದ್ದು” ಎಂದೆ. ನಾಲ್ಕು ಮಾತು, ಅಷ್ಟೇ.

ಪೊಲೀಸರು ಸೈಕಲ್ಲಿನ ನಂಬರು ಕೇಳಿದರು. ಚೌಕಟ್ಟಿನ ಮೇಲೆ ಒತ್ತಿರುವ ಆ ನಂಬರನ್ನು ನಾವು ಯಾರೂ ಬರೆದಿಟ್ಟುಕೊಂಡಿರಲಿಲ್ಲ. ಎರಡನೆಯ ಕೈಯ ಮಾತು ಬಂತು. ಮಾರನೆಯ ದಿನ ಆ ಹುಡುಗನನ್ನು ಠಾಣೆಗೆ ಕರೆಸಿದರು. “ಎರಡೂ ಅಕ್ಕನ ಕೈಗೇ ಕೊಟ್ಟೆ” ಎಂದು ಅವನು ಹೇಳಿದನಂತೆ. ಯಾರೂ ನಂಬಲಿಲ್ಲ. ಸಂಜೆ ಬಿಟ್ಟಾಗ ಅವನ ಕೆನ್ನೆ ಊದಿತ್ತೆಂದು ಅಮ್ಮನೇ ಬಂದು ಹೇಳಿದಳು. ಹಬ್ಬದ ಹೋಳಿಗೆ ನನ್ನ ಗಂಟಲಲ್ಲಿ ಇಳಿಯಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ವಾರದೊಳಗೆ ಸಾಹೇಬರು ಹುಡುಗನನ್ನು ಬಿಡಿಸಿದರು. ಗಿರಾಕಿಗಳು ಹೆದರುತ್ತಾರೆ, ಅವರಾದರೂ ಏನು ಮಾಡಿಯಾರು? ಸೈಕಲ್ಲು ಸಿಗಲಿಲ್ಲ. ಸಾಲದ ಕಂತು ಮಾತ್ರ ಮತ್ತೂ ಒಂದೂವರೆ ವರ್ಷ ಅಪ್ಪನ ಸಂಬಳದಲ್ಲಿ ಕಡಿತವಾಗುತ್ತಲೇ ಇತ್ತು. ನಾನು ಕಾಲೇಜಿಗೆ ನಡೆದೆ.

ಮದುವೆಯಾದ ಮೇಲೆ ಫಿಲ್ಮ್ ಸೊಸೈಟಿಯೊಂದರಲ್ಲಿ ಇಟಲಿಯ ವಿಟ್ಟೋರಿಯೋ ಡಿ ಸಿಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ನೋಡಿದೆ. 1952ರಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಬಂದಿದ್ದ ಚಿತ್ರ ಅದು. ರೋಮಿನಲ್ಲಿ ಸೈಕಲ್ಲಿದ್ದರೆ ಮಾತ್ರ ಸಿಗುವ ಕೆಲಸ, ಕೆಲಸದ ಮೊದಲ ದಿನವೇ ಸೈಕಲ್ಲು ಮಾಯ. ಎಲ್ಲರೂ ಆ ಬಡ ತಂದೆಗಾಗಿ ಕಣ್ಣೊರೆಸಿಕೊಂಡರು. ನನಗೆ ಚುಚ್ಚಿದ್ದು ಬೇರೊಂದು ದೃಶ್ಯ. ಅವನು ತರುಣನೊಬ್ಬನನ್ನು ಹಿಡಿದು ಇವನೇ ಕಳ್ಳನೆನ್ನುತ್ತಾನೆ. ಮನೆ ಜಾಲಾಡಿದರೂ ಏನೂ ಸಿಗುವುದಿಲ್ಲ. ಸಾಕ್ಷಿಯಿಲ್ಲದೆ ಏನೂ ಮಾಡಲಾಗದೆಂದು ಅಲ್ಲಿಯ ಪೊಲೀಸಿನವನು ತಿಳಿಹೇಳುತ್ತಾನೆ. ನಮ್ಮೂರಿನಲ್ಲಿ ಸಾಕ್ಷಿ ಇತ್ತು. ಅದು ನಾನು.

ಇನ್ನೊಂದು ಸಂಗತಿ ಓದಿದಾಗ ನಗು ಬರಬೇಕಿತ್ತು, ಬರಲಿಲ್ಲ. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರೊವೊ ಎಂಬ ತರುಣರ ಗುಂಪು ಕೆಲವು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಯಾರು ಬೇಕಾದರೂ ಓಡಿಸಿಕೊಳ್ಳಲೆಂದು ಬೀಗವಿಲ್ಲದೆ ಬೀದಿಯಲ್ಲಿಟ್ಟಿತು. ಪೊಲೀಸರು ಅವನ್ನು ಹೊತ್ತೊಯ್ದರು. ಬೀಗ ಹಾಕದೆ ಸೈಕಲ್ಲು ಬಿಡುವುದೇ ಆಗ ಅಲ್ಲಿ ಕಾನೂನಿಗೆ ವಿರುದ್ಧವಾಗಿತ್ತಂತೆ! ಆ ಲೆಕ್ಕದಲ್ಲಿ 1974ರಲ್ಲಿ ಠಾಣೆಗೆ ಹೋಗಬೇಕಾದವಳು ಯಾರು?

ಕಾಲ ಬದಲಾಯಿತು. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹಳ್ಳಿಯ ಹೆಂಗಸರು ಸೈಕಲ್ಲು ಕಲಿತರು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ಲು ಕೊಡತೊಡಗಿತು. ಎರಡು ಜಡೆಯ ಹುಡುಗಿಯರು ಸಾಲಾಗಿ ಶಾಲೆಗೆ ಹೋಗುವುದನ್ನು ಕಂಡಾಗ ಅಪ್ಪನ ನೆನಪಾಗುತ್ತಿತ್ತು. ಬೀಗಗಳೂ ಬದಲಾದವು. ಆದರೆ 2004ರಲ್ಲಿ ಅಮೆರಿಕದ ಹೆಸರಾಂತ ಬೀಗವನ್ನೇ ಜನ ಬಾಲ್ ಪೆನ್ನಿನ ಕೊಳವೆಯಿಂದ ತೆಗೆದು ತೋರಿಸಿದರು. ಕಂಪನಿ ಹಳೆಯ ಬೀಗಗಳನ್ನು ಬದಲಾಯಿಸಿಕೊಡಬೇಕಾಯಿತು.

ಆದ್ದರಿಂದ ಸಾಹೇಬರ ಮಾತನ್ನೇ ನಿಮಗೂ ಹೇಳುತ್ತೇನೆ. ಮಕ್ಕಳ ಸೈಕಲ್ಲಿನ ನಂಬರನ್ನು ಇವತ್ತೇ ಬರೆದಿಡಿ, ಒಂದು ಫೋಟೋ ತೆಗೆದಿಡಿ, ರಸೀದಿ ಜೋಪಾನ ಮಾಡಿ. ಬರೀ ಮುಂದಿನ ಚಕ್ರಕ್ಕೆ ಬೀಗ ಹಾಕಿದರೆ ಆ ಚಕ್ರವೊಂದೇ ಉಳಿದೀತು. ಚೌಕಟ್ಟನ್ನೂ ಹಿಂದಿನ ಚಕ್ರವನ್ನೂ ಸೇರಿಸಿ ಸರಪಳಿ ಬಿಗಿಯಿರಿ. ಕಟ್ಟುವ ಕಂಬವನ್ನು ಒಮ್ಮೆ ಅಲುಗಿಸಿ ನೋಡಿ, ಕಿತ್ತು ಬರುವ ಕಂಬಗಳೂ ಇರುತ್ತವೆ. ನಿಮ್ಮದಲ್ಲದ ಬೀಗ ಕಂಡರೆ ಬಿಟ್ಟುಹೋಗದೆ ಯಾರನ್ನಾದರೂ ಕರೆಸಿ. ಎರಡು ನಿಮಿಷದ ಕೆಲಸವೆಂಬುದು ಇಲ್ಲ.

ಮೊನ್ನೆ ಮೊಮ್ಮಗಳು ಏದುಸಿರು ಬಿಡುತ್ತಾ ಬಂದಳು. “ಅಜ್ಜಿ, ಅಂಗಡಿ ಮುಂದೆ ಬೀಗ ಹಾಕೋದು ಮರೆತುಬಿಟ್ಟಿದ್ದೆ. ಪುಣ್ಯಕ್ಕೆ ಸೈಕಲ್ಲು ಅಲ್ಲೇ ಇತ್ತು. ಅಪ್ಪನಿಗೆ ಹೇಳಬೇಡ.” ಕೂರಿಸಿಕೊಂಡು ಇದಿಷ್ಟನ್ನೂ ಹೇಳಿದೆ. ನನ್ನ ಅಪ್ಪನಿಗೂ, ಇವಳ ತಾತನಿಗೂ ಹೇಳದೇ ಉಳಿದದ್ದು. ಅವಳು ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು: “ಆಮೇಲೆ ಆ ಹುಡುಗ ಏನಾದ, ಅಜ್ಜಿ?”

ಗೊತ್ತಿಲ್ಲ ಎಂದೆ. ಅವಳು ಎದ್ದು ಹೋಗಿ ಅಪ್ಪನಿಗೆ ತಾನೇ ಹೇಳಿ ಬಂದಳು.