ದೂರು ಕೇಳಿಸಿಕೊಂಡ ಕಥೆಗಳು: ಮಹಾಭಾರತ ಮತ್ತು ದಿನನಿತ್ಯದ ಒತ್ತಡ

ಮೈಸೂರಿನ ಕುವೆಂಪುನಗರದಂಥ ಬಡಾವಣೆಯಲ್ಲಿ ಪುರಾಣದ ಮಾತಿಗೆ ಬರವಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಮನೆಯ ಕ್ಯಾಲೆಂಡರಿನಲ್ಲಿ ‘ಗೀತಾಸಾರ’ ತೂಗುತ್ತಿರುತ್ತದೆ. ಬೆಳಗಾದರೆ ಕೃಷ್ಣನ ಹೆಸರು ಹೊತ್ತ ಸಂದೇಶವೊಂದು ಮೊಬೈಲಿಗೆ ಬಂದು ಬೀಳುತ್ತದೆ. ನಡೆದದ್ದೆಲ್ಲ ಒಳಿತಿಗೇ ನಡೆಯಿತು, ಚಿಂತೆ ಬಿಡು ಎಂಬ ಧಾಟಿಯ ಆ ಸಾಲುಗಳು ಗೀತೆಯ 700 ಶ್ಲೋಕಗಳ ಪೈಕಿ ಯಾವುದರ ಅನುವಾದವೂ ಅಲ್ಲ. ಆದರೂ ಸಾಲದ ಕಂತು, ವರ್ಗಾವಣೆ, ಮಕ್ಕಳ ಸಿಇಟಿ, ಹಾಸಿಗೆ ಹಿಡಿದ ಹಿರಿಯರ ಆರೈಕೆ ಇವುಗಳ ನಡುವೆ ಸಿಕ್ಕಿಕೊಂಡವರಿಗೆ ಪುರಾಣ ಕೊಡುವ ಪಾಠ ಅದೇ ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ಈ ಒಪ್ಪಿಗೆ ಮೂಲಕ್ಕೆ ವಿರುದ್ಧವಾದದ್ದು ಎಂಬುದು ಈ ಲೇಖನದ ವಾದ. ಮಹಾಭಾರತದಲ್ಲಿ ಸಮಾಧಾನ ಹುಟ್ಟುವುದು ನೀತಿವಾಕ್ಯದಿಂದಲ್ಲ. ನೊಂದವರ ಮಾತನ್ನು ಕೊನೆಯವರೆಗೆ ಕೇಳಿಸಿಕೊಳ್ಳುವುದರಿಂದ. ಅದಾದ ಮೇಲೆ ಕಥೆ ಹೇಳಬೇಕೋ ಕೆಲಸಕ್ಕೆ ಇಳಿಯಬೇಕೋ ಎಂಬುದನ್ನು ಆ ಗ್ರಂಥ ಸಂದರ್ಭ ನೋಡಿ ತೀರ್ಮಾನಿಸುತ್ತದೆ.

ಗೀತೆಯಿಂದಲೇ ಆರಂಭಿಸಬಹುದು. ಮೊದಲ ಅಧ್ಯಾಯದಲ್ಲಿ ಅರ್ಜುನನ ಸಂಕಟ ಮೊದಲು ಕಾಣಿಸಿಕೊಳ್ಳುವುದು ದೇಹದಲ್ಲಿ: ಕೈಕಾಲು ಸೋಲುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಉರಿಯುತ್ತದೆ, ಗಾಂಡೀವ ಕೈಜಾರುತ್ತದೆ. ಇಂದು ವೈದ್ಯರ ಎದುರು ಕೂತು ಆತಂಕವನ್ನು ಹೇಳಿಕೊಳ್ಳುವವರ ವರ್ಣನೆಗೂ ಇದಕ್ಕೂ ಹೆಚ್ಚು ಅಂತರವಿಲ್ಲ. ಆ ಇಡೀ ಅಧ್ಯಾಯದಲ್ಲಿ ಕೃಷ್ಣ ಬಾಯಿಬಿಡುವುದು ಒಮ್ಮೆ ಮಾತ್ರ, ನೆರೆದ ಕುರುಗಳನ್ನು ನೋಡು ಎನ್ನುವುದಕ್ಕೆ. ಎರಡನೆಯ ಅಧ್ಯಾಯದ ಮೊದಲಲ್ಲಿ ಅವನು ಗದರಿಸುತ್ತಾನೆ. ಇದು ನಿನಗೆ ತಕ್ಕುದಲ್ಲ, ಹೇಡಿತನ ಬಿಟ್ಟು ಏಳು ಎನ್ನುತ್ತಾನೆ. ನಮ್ಮ ಮನೆಗಳಲ್ಲೂ ಕಚೇರಿಗಳಲ್ಲೂ ಕುಗ್ಗಿದವರಿಗೆ ಸಿಗುವ ಮೊದಲ ಮಾತು ಇಂಥದ್ದೇ. ಗಮನಿಸಬೇಕಾದದ್ದು ಏನೆಂದರೆ, ಆ ಗದರಿಕೆ ಫಲಿಸುವುದಿಲ್ಲ. ಅರ್ಜುನ ತನ್ನ ಸಂಕಟವನ್ನು ಮತ್ತೆ ಮೊದಲಿನಿಂದ ಹೇಳುತ್ತಾನೆ, ನಾನು ಯುದ್ಧ ಮಾಡಲಾರೆ ಎಂದು ಮೌನವಾಗುತ್ತಾನೆ. ಉಪದೇಶ ಶುರುವಾಗುವುದು ಆ ಮೌನದ ಆಚೆಗೆ, ಅದೂ ಅರ್ಜುನ ತಾನಾಗಿ ದಾರಿ ಕೇಳಿದ ಮೇಲೆ. ಗೋಡೆಯ ಮೇಲಿನ ಗೀತಾಸಾರ ಈ ಪೂರ್ವಭಾಗವನ್ನು ಪೂರ್ತಿ ಕಳಚಿಹಾಕಿದೆ.

ಎರಡನೆಯ ಸಂದರ್ಭ ವನಪರ್ವದ್ದು. ಅರ್ಜುನ ಅಸ್ತ್ರಗಳಿಗಾಗಿ ಹೋಗಿದ್ದಾನೆ, ಭೀಮ ಸಿಟ್ಟಿನಿಂದ ಅಣ್ಣನನ್ನು ಹಂಗಿಸುತ್ತಿದ್ದಾನೆ, ಧರ್ಮರಾಯ ಜೂಜಾಡಿ ತಾನೇ ತಂದುಕೊಂಡ ಅನಾಹುತದ ಭಾರದಲ್ಲಿ ಕುಸಿದಿದ್ದಾನೆ. ಆಗ ಬಂದ ಬೃಹದಶ್ವ ಮುನಿಯ ಮುಂದೆ ಅವನು ತನ್ನ ಸೋಲನ್ನೆಲ್ಲ ತೋಡಿಕೊಂಡು, ನನಗಿಂತ ನತದೃಷ್ಟನಾದ ಅರಸನನ್ನು ಕಂಡಿದ್ದೀರಾ ಎಂದು ಕೇಳುತ್ತಾನೆ. ಉತ್ತರವಾಗಿ ಬರುವುದೇ ನಳೋಪಾಖ್ಯಾನ. ಕನಕದಾಸರ ‘ನಳಚರಿತ್ರೆ’ಯಿಂದ ಕನ್ನಡಿಗರ ಮನೆಮಾತಾದ ಕಥೆ. ಅದರ ನಡುವೆ ಒಂದು ಸಣ್ಣ ಪ್ರಸಂಗವಿದೆ. ಬಾಹುಕನ ವೇಷದ ನಳ ಋತುಪರ್ಣನ ರಥ ಹೊಡೆಯುತ್ತಿರುವಾಗ, ದಾರಿಬದಿಯ ತಾರೆಮರದ ಎಲೆ ಕಾಯಿಗಳ ಲೆಕ್ಕವನ್ನು ಋತುಪರ್ಣ ಕಣ್ಣಳತೆಯಲ್ಲೇ ಹೇಳಿಬಿಡುತ್ತಾನೆ. ಹೊತ್ತು ಮೀರುತ್ತಿದ್ದರೂ ನಳ ರಥ ನಿಲ್ಲಿಸಿ ಇಳಿದು ಕಾಯಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಕುದುರೆ ನಡೆಸುವ ಗುಟ್ಟಾದ ಅಶ್ವಹೃದಯವನ್ನು ಕೊಡುವ ಮಾತಿನ ಮೇಲೆ ಅವನು ದಾಳದ ಗುಟ್ಟಾದ ಅಕ್ಷಹೃದಯವನ್ನು ಋತುಪರ್ಣನಿಂದ ಕಲಿಯುತ್ತಾನೆ. ಕಲಿತ ಕ್ಷಣವೇ, ಜೂಜಿನಲ್ಲಿ ಅವನನ್ನು ಕೆಡಿಸಿದ್ದ ಕಲಿ ಅವನ ಮೈಬಿಟ್ಟು ಹೊರಬೀಳುತ್ತಾನೆ. ಹಿಂದೆ ಜೂಜಿನ ದಾಳ ಮಾಡುತ್ತಿದ್ದದ್ದು ಅದೇ ಮರದ ಕಾಯಿಯಿಂದ. ಯಾವುದು ತನ್ನನ್ನು ಕೆಡಿಸಿತೋ ಅದರ ಮುಂದೆಯೇ ನಿಂತು, ಒಂದೊಂದಾಗಿ ಎಣಿಸಿ, ಅದರ ಗುಟ್ಟು ತಿಳಿದ ಮೇಲೆ ಬಿಡುಗಡೆ. ಕಥೆ ಮುಗಿಸಿದ ಬೃಹದಶ್ವ ಧರ್ಮರಾಯನಿಗೂ ಅದೇ ಅಕ್ಷವಿದ್ಯೆಯನ್ನು ಕಲಿಸಿ ಹೊರಡುತ್ತಾನೆ. ವಿರಾಟನ ಅರಮನೆಯಲ್ಲಿ ಕಂಕನೆಂಬ ಹೆಸರಿನಲ್ಲಿ ಧರ್ಮರಾಯ ಹಿಡಿಯುವ ಉದ್ಯೋಗವೂ ಪಗಡೆಯದ್ದೇ. ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಒತ್ತಡವನ್ನು ನಿಭಾಯಿಸುವ ಕ್ರಮಗಳನ್ನು ಎರಡಾಗಿ ವಿಂಗಡಿಸಿದರು: ಮನಸ್ಸಿನ ತಳಮಳವನ್ನು ತಣಿಸುವುದು ಒಂದು, ತಳಮಳದ ಕಾರಣವನ್ನೇ ಕೈಗೆತ್ತಿಕೊಳ್ಳುವುದು ಇನ್ನೊಂದು. ಬೃಹದಶ್ವ ಎರಡನ್ನೂ ಒಂದೇ ಕೂಟದಲ್ಲಿ ಮಾಡಿ ಮುಗಿಸುತ್ತಾನೆ.

ಇಲ್ಲಿಗೇ ನಿಲ್ಲಿಸಿದರೆ, ಕಷ್ಟದಲ್ಲಿರುವವರಿಗೆ ಇನ್ನೂ ದೊಡ್ಡ ಕಷ್ಟದ ಕಥೆ ಹೇಳಿದರಾಯಿತು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಹಾಗಾಗದಂತೆ ತಡೆಯುವುದು ವಿರಾಟಪರ್ವ. ಅಜ್ಞಾತವಾಸದಲ್ಲಿ ಸೈರಂಧ್ರಿಯಾಗಿ ದುಡಿಯುತ್ತಿರುವ ದ್ರೌಪದಿಯನ್ನು ರಾಣಿಯ ಸಹೋದರ ಕೀಚಕ ಬೆನ್ನಟ್ಟಿ ಬಂದು ತುಂಬಿದ ಸಭೆಯಲ್ಲಿ ಒದೆಯುತ್ತಾನೆ. ಅವಳು ನ್ಯಾಯ ಕೇಳುತ್ತಾಳೆ. ನಮ್ಮ ಕಣ್ಮರೆಯಲ್ಲಿ ನಡೆದ ಜಗಳದ ನಿಜ ನಮಗೆ ತಿಳಿಯದು ಎಂದು ವಿರಾಟ ಜಾರಿಕೊಳ್ಳುತ್ತಾನೆ. ಗುಟ್ಟು ರಟ್ಟಾದೀತೆಂಬ ಭಯದಲ್ಲಿರುವ ಕಂಕನಂತೂ, ನಟಿಯ ಹಾಗೆ ಅತ್ತು ಅರಸನ ಆಟ ಕೆಡಿಸಬೇಡ, ರಾಣಿವಾಸಕ್ಕೆ ಹೋಗು ಎಂದುಬಿಡುತ್ತಾನೆ. ಕೆಲಸದ ಜಾಗದಲ್ಲಿ ನೊಂದ ಹೆಣ್ಣೊಬ್ಬಳ ದೂರು ಎಷ್ಟು ಬಗೆಯಲ್ಲಿ ಬಿದ್ದುಹೋಗಬಹುದು ಎಂಬುದಕ್ಕೆ ಇದಕ್ಕಿಂತ ನಿಷ್ಠುರವಾದ ದಾಖಲೆ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಸಿಗುವುದು ಕಷ್ಟ. ಆ ರಾತ್ರಿ ಅವಳು ಬಾಣಸಿಗನಾಗಿರುವ ಭೀಮನಿದ್ದ ಅಡುಗೆಮನೆಗೆ ಹೋಗುತ್ತಾಳೆ. ಕುಮಾರವ್ಯಾಸನ ಕೈಯಲ್ಲಿ ಈ ಭಾಗ ಗಮಕಿಗಳ ನೆಚ್ಚಿನ ಪ್ರಸಂಗವಾಯಿತು. ವ್ಯಾಸರ ಪಾಠದಲ್ಲಿ ಅವಳ ಮಾತು ಅಧ್ಯಾಯಗಟ್ಟಲೆ ಹರಿಯುತ್ತದೆ. ಒಬ್ಬೊಬ್ಬ ಗಂಡನಿಗೂ ಒದಗಿದ ಸ್ಥಿತಿಯನ್ನು ಹೇಳಿ, ಕೊನೆಗೆ ಗಂಧ ತೇಯ್ದು ಜಡ್ಡುಗಟ್ಟಿದ ತನ್ನ ಅಂಗೈಗಳನ್ನು ಚಾಚಿ ತೋರಿಸುತ್ತಾಳೆ. ಭೀಮ ಆ ಕೈಗಳನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಾನೆ.

ಆಮೇಲೆ ನಡೆಯುವುದು ಈ ವಾದಕ್ಕೆ ಬಹಳ ಮುಖ್ಯ. ಅತ್ತು ಮುಗಿಸಿದ ಭೀಮ ಕೂಡ ಪುರಾಣದ ಮಾತಿಗೇ ಕೈಹಾಕುತ್ತಾನೆ. ಸುಕನ್ಯೆ, ಸೀತೆ, ಲೋಪಾಮುದ್ರೆಯರು ಹೇಗೆ ಸಹಿಸಿದರು ನೋಡು, ಇನ್ನು ಕೆಲವು ದಿನ ತಾಳು ಎನ್ನುತ್ತಾನೆ. ದ್ರೌಪದಿ ಅದನ್ನು ಒಪ್ಪುವುದಿಲ್ಲ; ನಾಳೆ ಸೂರ್ಯ ಹುಟ್ಟಿದ ಮೇಲೂ ಕೀಚಕ ಬದುಕಿದ್ದರೆ ವಿಷ ಕುಡಿಯುತ್ತೇನೆ ಎನ್ನುತ್ತಾಳೆ. ಭೀಮ ಮಾತು ಬದಲಿಸುತ್ತಾನೆ, ನರ್ತನಶಾಲೆಯಲ್ಲಿ ಕೀಚಕನನ್ನು ಕೊಲ್ಲುವ ಉಪಾಯ ಹೂಡುತ್ತಾನೆ. ಧರ್ಮರಾಯನಿಗೆ ನಾಟಿದ ಔಷಧ ದ್ರೌಪದಿಗೆ ಏಕೆ ನಾಟಲಿಲ್ಲ? ಅವನು ಕಥೆಯನ್ನು ತಾನೇ ಕೇಳಿ ಪಡೆದ. ಅವನ ನೋವಿನ ಕಾರಣ ಆಗಿಹೋದ ಜೂಜು. ಅವಳು ಕಥೆ ಕೇಳಿರಲಿಲ್ಲ. ಅವಳ ಕಾರಣ ಬೆಳಗಾದರೆ ಮತ್ತೆ ಎದುರು ಬರುವ ಮನುಷ್ಯ. ಬದಲಿಸಲಾಗದ ದುಃಖಕ್ಕೆ ಕಥೆ ಸಲ್ಲುತ್ತದೆ, ನಡೆಯುತ್ತಿರುವ ಅನ್ಯಾಯಕ್ಕೆ ಸಲ್ಲುವುದಿಲ್ಲ ಎಂಬ ವಿವೇಕ ಗ್ರಂಥದೊಳಗೇ ಇದೆ. ಕೀಚಕನ ವಧೆಯನ್ನು ಇಂದು ಯಾರೂ ಮಾದರಿ ಮಾಡಿಕೊಳ್ಳಬೇಕಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆಯಿದೆ, ದೂರು ಸಮಿತಿಗಳು ಕಡ್ಡಾಯವಾಗಿವೆ. ಆ ಸಮಿತಿಯ ಮುಂದೆ ಬಂದವರಿಗೆ ಸೀತೆಯ ಸಹನೆಯನ್ನು ಬೋಧಿಸುವವರು ಭೀಮನ ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಮರೆತವರು.

ಪುರಾಣ ಎಂದರೆ ವಿಧಿಗೆ ತಲೆಬಾಗುವ ಪಾಠ, ದುಡಿಸಿಕೊಳ್ಳುವವರಿಗೆ ಅನುಕೂಲವಾದ ಪಾಠ ಎಂಬ ಆಕ್ಷೇಪಕ್ಕೆ ಇದರಲ್ಲೇ ಬಹುಪಾಲು ಉತ್ತರವಿದೆ. ವನಪರ್ವದ ಆರಂಭದಲ್ಲೂ ದ್ರೌಪದಿ ಧರ್ಮರಾಯನ ಕ್ಷಮೆಯನ್ನು ಪ್ರಶ್ನಿಸುತ್ತಾಳೆ, ಪುರುಷಪ್ರಯತ್ನದ ಪರವಾಗಿ ವಾದಿಸುತ್ತಾಳೆ. ಆದರೂ ಆಕ್ಷೇಪ ಪೂರ್ತಿ ಸುಳ್ಳಲ್ಲ. ಹೆಂಗಸರ ತಾಳ್ಮೆಯನ್ನು ಹೊಗಳಿ ಹೊಗಳಿ ಅವರ ಮೇಲೆ ಹೊರೆ ಹೇರಿದ ಹರಿಕಥೆಗಳೂ ಚಲನಚಿತ್ರಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಅದಕ್ಕೇ ಕಥೆಯನ್ನು ಮತ್ತೆ ಕಟ್ಟುವ ಹಕ್ಕು ಪರಂಪರೆಯ ಭಾಗವಾಗಿಯೇ ಉಳಿಯಬೇಕು. ಕುವೆಂಪುನಗರ ಯಾರ ಹೆಸರು ಹೊತ್ತಿದೆಯೋ ಆ ಕವಿ ಮಾಡಿದ್ದು ಅದನ್ನೇ. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅಗ್ನಿಪರೀಕ್ಷೆ ಸೀತೆಯೊಬ್ಬಳದಲ್ಲ, ರಾಮನೂ ಬೆಂಕಿ ಹೊಗುತ್ತಾನೆ. ಮಂಥರೆಯ ಕೇಡಿನ ಹಿಂದೆ ಮಮತೆಯೊಂದು ಸುಳಿಗೆ ಸಿಕ್ಕಿದ್ದನ್ನು ಕುವೆಂಪು ಕಾಣಿಸುತ್ತಾರೆ. ಯಾರ ಮಾತನ್ನೂ ಕೇಳದೆ ತೀರ್ಪು ಕೊಡಬಾರದೆಂಬ ನಿಷ್ಠೆ ಆ ಕಾವ್ಯದ ಉಸಿರು.

ಇನ್ನೊಂದು ಆಕ್ಷೇಪ ಪ್ರಮಾಣದ ಕುರಿತಾದದ್ದು. ಕುರುಕ್ಷೇತ್ರದ ಸಂಕಟವನ್ನು ಇಎಂಐ ಚಿಂತೆಯ ಪಕ್ಕದಲ್ಲಿಟ್ಟು ತೂಗುವುದು ಕಾಲವಿಪರ್ಯಾಸವಲ್ಲವೇ, ಪುರಾಣದಿಂದ ಒತ್ತಡ ಇಳಿಯುತ್ತದೆಂಬುದಕ್ಕೆ ಸಾಕ್ಷಿ ಏನು ಎಂದು ಕೇಳಬಹುದು. ಇಲ್ಲಿ ವಾದಿಸುತ್ತಿರುವುದು ಚಿಕಿತ್ಸೆಯ ಫಲವನ್ನಲ್ಲ, ಕೇಳಿಸಿಕೊಳ್ಳುವ ಕ್ರಮವನ್ನು. ಉಡುಪಿ ಸಮೀಪದ ಕೋಟದಲ್ಲಿ ಜಿ. ಎಂ. ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನ, ಹಳ್ಳಿಯ ಜನ ಮನಸ್ಸಿನ ತೊಂದರೆಗೆ ವೈದ್ಯರ ಬಳಿಗೂ ಮಂತ್ರವಾದಿಗಳ ಬಳಿಗೂ ಹೋಗುವುದನ್ನು ದಾಖಲಿಸಿತು. ಜನ ಅರಸಿದ್ದು ಮದ್ದನ್ನು ಮಾತ್ರವಲ್ಲ, ತಮ್ಮ ಭಾಷೆಯಲ್ಲಿ ತಮ್ಮ ಕಷ್ಟ ಕೇಳುವವರನ್ನೂ ಹೌದು ಎಂದು ನಾನು ಓದಿಕೊಳ್ಳುತ್ತೇನೆ. ನಿದ್ದೆ ಊಟ ಬಿಟ್ಟುಹೋಗುವ ಖಿನ್ನತೆಗೆ, ಸಾಯುವ ಯೋಚನೆಗೆ ಪುರಾಣ ಬದಲಿಯಲ್ಲ. ಅಲ್ಲಿ ಮನೋವೈದ್ಯರು ಬೇಕು, ತಡಮಾಡದೆ ಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಪುರಾಣದ ಜಾಗ ಚಿಕಿತ್ಸೆಯ ಈಚೆಗಿನದು, ನೆರೆಹೊರೆಯದು. ಗಮಕದಲ್ಲಿ ಒಬ್ಬರು ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ಇನ್ನೊಬ್ಬರು ಅದನ್ನು ಇಂದಿನ ಬದುಕಿಗೆ ಹತ್ತಿಸಿ ವ್ಯಾಖ್ಯಾನಿಸುತ್ತಾರೆ. ಶಿವಮೊಗ್ಗ ಬಳಿಯ ಹೊಸಹಳ್ಳಿ ಮತ್ತೂರುಗಳು ಈ ಕಲೆಯನ್ನು ಜತನದಿಂದ ಉಳಿಸಿಕೊಂಡಿವೆ. ಇದು ಕೆಲವೇ ಸಮುದಾಯಗಳ ಸೊತ್ತೆಂಬ ದೂರಿನಲ್ಲಿ ನಿಜವಿದೆ. ಆದರೆ ಮೈಸೂರು ಸೀಮೆಯಲ್ಲೇ ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರೂ, ಮಲೆ ಮಾದಪ್ಪನ ಕಥೆ ಹೇಳುವ ದೇವರಗುಡ್ಡರೂ ರಾತ್ರಿಯಿಡೀ ಜನರನ್ನು ಕೂಡಿಸಿ ಕೂರಿಸುತ್ತ ಬಂದವರು. ಒಂದೇ ಸಲದ ಉಪದೇಶ ಸಾಲದೆಂಬುದನ್ನು ಮಹಾಭಾರತವೂ ಬಲ್ಲದು. ಯುದ್ಧ ಮುಗಿದ ಮೇಲೆ ಆಶ್ವಮೇಧಿಕ ಪರ್ವದಲ್ಲಿ ಅರ್ಜುನ, ಅಂದು ನೀನು ಹೇಳಿದ್ದೆಲ್ಲ ಮರೆತುಹೋಯಿತು ಎಂದು ಕೃಷ್ಣನಿಗೆ ಹೇಳುತ್ತಾನೆ. ಕೃಷ್ಣ ಬೇಸರಪಡುತ್ತಾನೆ, ಅದನ್ನೇ ಮತ್ತೆ ಹಾಗೆಯೇ ಹೇಳಲಾಗದು ಎನ್ನುತ್ತಾನೆ. ಆದರೂ ಎದ್ದು ಹೋಗುವುದಿಲ್ಲ. ಬೇರೆ ಹಳೆಯ ಕಥೆಯೊಂದನ್ನು ತೆಗೆದು ಮೊದಲಿನಿಂದ ಹೇಳಲು ಕೂರುತ್ತಾನೆ.