ಅಂಚೆಯ ಮೂಲಕ ನ್ಯಾಯಶಾಸ್ತ್ರ: ಬೀದರ ಸೀಮೆಯಿಂದ ಒಂದು ಅವಲೋಕನ



ಔರಾದ ತಾಲ್ಲೂಕಿನ ಒಕ್ಕಲು ಮನೆತನದ ತರುಣನೊಬ್ಬನು ಕಳೆದ ಶ್ರಾವಣದಲ್ಲಿ ನಮ್ಮೆದುರು ಕುಳಿತು ಕಣ್ಣೀರಿಟ್ಟನು. ಮನೆಯಲ್ಲಿದ್ದುಕೊಂಡೇ ಕಾನೂನು ಪದವಿ ದೊರೆಯುವುದೆಂಬ ಮಾತನ್ನು ನಂಬಿ, ತಂದೆ ತೊಗರಿ ಮಾರಿ ತಂದ ಹಣವನ್ನು ದೂರದ ಸಂಸ್ಥೆಯೊಂದಕ್ಕೆ ಕಟ್ಟಿದ್ದನು. ಮೂರು ವರ್ಷಗಳ ತರುವಾಯ ಪದವಿಪತ್ರವೇನೋ ಅಂಚೆಯಲ್ಲಿ ಬಂದಿತು. ಆದರೆ ಅದರ ಬಲದಿಂದ ವಕೀಲನಾಗಿ ಹೆಸರು ನೋಂದಾಯಿಸಲು ಬಾರದೆಂಬುದು ಆಗಲೇ ತಿಳಿದದ್ದು. ಈ ತರುಣನ ದುಃಖವೇ ಈ ಲೇಖನಕ್ಕೆ ಪ್ರೇರಣೆ.

ನ್ಯಾಯಶಾಸ್ತ್ರದ ಹಸಿವು ನಮ್ಮ ಸೀಮೆಗೆ ಹೊಸದಲ್ಲ. ನಿಜಾಮರ ರಾಜ್ಯದಲ್ಲಿ ಪಾರಸಿಯು ಕಚೇರಿಯ ಭಾಷೆಯಾಗಿತ್ತು. 1880ರ ದಶಕದಲ್ಲಿ ಆ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ಭಾಲ್ಕಿಯ ಒಕ್ಕಲಿಗನು ತನ್ನ ಹೊಲದ ದಸ್ತಾವೇಜಿಗೆ ಹೆಬ್ಬೆಟ್ಟು ಒತ್ತುವಾಗ ಅದರಲ್ಲಿ ಏನು ಬರೆದಿದೆಯೆಂಬುದನ್ನು ಅನ್ಯರಿಂದ ಕೇಳಿ ತಿಳಿಯಬೇಕಾಗಿತ್ತು. ವಕೀಲ, ವಕಾಲತ್ತು, ಅದಾಲತ್ತು, ಜಾಮೀನು, ಅರ್ಜಿ ಎಂದು ನಾವು ಇಂದಿಗೂ ಆಡುವ ಮಾತುಗಳು ಆ ಕಚೇರಿಗಳ ಕುರುಹುಗಳೇ ಆಗಿವೆ.

ಅಂಥ ಕಾಲದಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು (1889-1999) ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿ, ಒಳಗೆ ಕನ್ನಡ ಪಾಠ ಹೇಳಿಸಿದರೆಂಬುದು ಈ ಸೀಮೆಯ ಮನೆಮನೆಗೂ ತಿಳಿದ ಸಂಗತಿ. ನೇರ ಬಾಗಿಲು ಮುಚ್ಚಿದ್ದಾಗ ಅವರು ಮಕ್ಕಳಿಗೆ ಬಳಸುದಾರಿಯನ್ನು ತೆರೆದರು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಸಂಸ್ಥಾನದ ಬಂಧನ ಕಳಚಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಕನ್ನಡ ನಾಡನ್ನು ಸೇರಿದವು.

ವಕೀಲರಾಗುವ ದಾರಿಯೂ ಕಾಲಕಾಲಕ್ಕೆ ಬದಲಾಗಿದೆ. ಹಿಂದೆ ಕಾಲೇಜಿನ ಮೆಟ್ಟಿಲು ಹತ್ತದೆಯೂ ಮನೆಯಲ್ಲಿ ಓದಿ, ವಕಾಲತ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕಚೇರಿಯಲ್ಲಿ ನಿಂತು ವಾದಿಸಿದವರು ನಿಜಾಮರ ಸೀಮೆಯಲ್ಲಿದ್ದರು. ಹಿರಿಯರ ಬಾಯಿಂದ ಇದನ್ನು ಕೇಳಿದವರು, ಇಂದೂ ಹಾಗೆಯೇ ಆಗಬಹುದೆಂದು ಭಾವಿಸುವುದು ಸಹಜ. ಆದರೆ 1961ರ ವಕೀಲರ ಅಧಿನಿಯಮವು ದೇಶಕ್ಕೆಲ್ಲ ಒಂದೇ ಬಗೆಯ ವಕೀಲ ವರ್ಗವನ್ನು ನಿರ್ಮಿಸಿತು. 1967ರ ಮಾರ್ಚ್ 12ರ ಅನಂತರ ಪದವಿ ಪಡೆಯುವವರಿಗೆ ಮೂರು ವರ್ಷಗಳ ಕಾನೂನು ವ್ಯಾಸಂಗವನ್ನು ಕಡ್ಡಾಯಗೊಳಿಸಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ತರಗತಿಯಲ್ಲಿ ಕ್ರಮವಾಗಿ ಕುಳಿತು ಪಾಠ ಕೇಳುವುದನ್ನೂ, ಅಣಕು ನ್ಯಾಯಾಲಯದ ಅಭ್ಯಾಸವನ್ನೂ ವಿಧಿಸಿದವು.

ಇತ್ತ ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. 1996ರಲ್ಲಿ ಅದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಗಿ ಬೆಳೆಯಿತು. ದುಡಿಯುತ್ತಲೇ ಓದುವ ಅಸಂಖ್ಯ ಜನರಿಗೆ ಇದರಿಂದಾದ ಉಪಕಾರ ಅಷ್ಟಿಷ್ಟಲ್ಲ. ಬಿ.ಎ. ಪದವಿಯು ಅಂಚೆಯಲ್ಲಿ ದೊರೆಯುವಾಗ ಕಾನೂನು ಪದವಿ ಏಕೆ ದೊರೆಯಬಾರದೆಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಯೇ.

ವಾಚಕರೇ, ಇದಕ್ಕೆ ಉತ್ತರ ವೃತ್ತಿಯ ಸ್ವರೂಪದಲ್ಲಿಯೇ ಇದೆ. ವೈದ್ಯನ ಕೈಯಲ್ಲಿ ರೋಗಿಯ ಪ್ರಾಣವಿರುವಂತೆ ವಕೀಲನ ನಾಲಗೆಯಲ್ಲಿ ಕಕ್ಷಿದಾರನ ಹೊಲಮನೆ, ಮಾನ, ಸ್ವಾತಂತ್ರ್ಯಗಳಿವೆ. ಸಾಕ್ಷಿಯನ್ನು ಪ್ರಶ್ನಿಸುವ ಕಲೆಯು ಗುರುವಿನ ಸಮ್ಮುಖದಲ್ಲಿ, ಸಹಪಾಠಿಗಳ ಪ್ರತಿವಾದದ ನಡುವೆ ಪಳಗಬೇಕಾದದ್ದು.

ಹಾಗೆಂದು ದೂರಶಿಕ್ಷಣವು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ನೆಲ್ಸನ್ ಮಂಡೇಲಾ ಅವರು ಸೆರೆಯಲ್ಲಿದ್ದುಕೊಂಡೇ ಓದಿ, 1989ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವವಿದ್ಯಾಲಯದ ಕಾನೂನು ಪದವಿ ಪಡೆದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ದೂರಶಿಕ್ಷಣದ ಮೂಲಕ ಸ್ನಾತಕೋತ್ತರ ಡಿಪ್ಲೊಮಾಗಳನ್ನು ನೀಡುತ್ತ ಬಂದಿದೆ. ಶಿಕ್ಷಕರು, ಸಹಕಾರಿ ಸಂಘದ ಕಾರ್ಯದರ್ಶಿಗಳು, ಪಂಚಾಯಿತಿ ಸದಸ್ಯರು ಇಂಥ ವ್ಯಾಸಂಗದಿಂದ ತಿಳಿವಳಿಕೆ ಪಡೆಯಬಹುದು. ನ್ಯಾಯಾಲಯದಲ್ಲಿ ವಾದಿಸುವ ಅಧಿಕಾರ ಮಾತ್ರ ಅದರಿಂದ ಬಾರದು. ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು: ಪರಿಷತ್ತಿನ 2008ರ ನಿಯಮಗಳಂತೆ, ಪಿ.ಯು.ಸಿ.ಯ ಅನಂತರ ಕ್ರಮಬದ್ಧವಾಗಿ ಅಂಚೆಯ ಮೂಲಕ ಬಿ.ಎ. ಮುಗಿಸಿದವನೂ ನಿಗದಿತ ಅಂಕಗಳಿದ್ದರೆ ಕಾನೂನು ಕಾಲೇಜನ್ನು ಸೇರಬಹುದು. ಬಡವರ ಮಕ್ಕಳಿಗೆ ತೆರೆದಿರುವ ನಿಜವಾದ ದಾರಿ ಇದು. ಅಲ್ಲಿಂದ ಮುಂದಿನ ಮೂರು ವರ್ಷ ತರಗತಿಯಲ್ಲಿ ಕುಳಿತೇ ಕಲಿಯಬೇಕು.

ಅಂದು ಫಲಕ ಬೇರೆಯಿದ್ದರೂ ಒಳಗೆ ಪಾಠ ನಿಜವಾಗಿತ್ತು. ಇಂದು ಕೆಲವೆಡೆ ಫಲಕದ ಮೇಲೆ ಕಾನೂನು ಪದವಿಯೆಂದಿದೆ, ಒಳಗೆ ಪಾಠವೇ ಇಲ್ಲ. ಆದುದರಿಂದ ಹಣ ಕಟ್ಟುವ ಮೊದಲು ಆ ಕಾಲೇಜಿಗೆ ವಕೀಲರ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಬಲ್ಲ ವಕೀಲರೊಬ್ಬರಿಂದ ವಿಚಾರಿಸಿರಿ.

ಉಚ್ಚ ನ್ಯಾಯಾಲಯದ ಪೀಠವು 2008ರಲ್ಲಿ ಕಲಬುರಗಿಗೆ ಬಂದು, 2013ರಲ್ಲಿ ಕಾಯಂ ಆಯಿತು. ಬೆಂಗಳೂರಿನವರೆಗೆ ಹೋಗಬೇಕಾಗಿದ್ದ ನ್ಯಾಯವು ನಮ್ಮ ನೆರೆಗೆ ಬಂದಿರುವಾಗ, ಅಲ್ಲಿ ನಮ್ಮ ಜನರ ನೋವನ್ನು ಬಲ್ಲ ವಕೀಲರು ಬೇಡವೇ? ಅನುಕೂಲವಂತರಾದ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬ ಬಡ ವಿದ್ಯಾರ್ಥಿಯ ಮೂರು ವರ್ಷಗಳ ಊಟ ವಸತಿಯ ಭಾರವನ್ನು ಹೊತ್ತರೆ, ಅದಕ್ಕಿಂತ ಮಿಗಿಲಾದ ದಾಸೋಹವಿಲ್ಲ. ಔರಾದದ ಆ ತರುಣನು ಈಗ ಮತ್ತೆ ಮೊದಲಿನಿಂದ ತರಗತಿಯಲ್ಲಿ ಕುಳಿತಿದ್ದಾನೆ. ಅವನಂತೆ ಇನ್ನೊಬ್ಬನು ಮೂರು ವರ್ಷ ಕಳೆದುಕೊಳ್ಳದಿರಲಿ ಎಂಬುದೇ ನಮ್ಮ ಹಾರೈಕೆ.